ಉಕ್ರೇನಿನ ಪುಟ್ಟ ಹಳ್ಳಿಯೊಂದರಲ್ಲಿ ಪೂರ್ವಜರನ್ನು ಹುಡುಕುವ ಬಗೆ

ಉಕ್ರೇನಿನ ಹಳ್ಳಿಯೊಂದರಲ್ಲಿ ಬೇರುಳ್ಳ ಕುಟುಂಬದವರು ತಮ್ಮ ವಂಶಾವಳಿಯನ್ನು ಹುಡುಕಲು ಹೊರಟಾಗ ಸಾಮಾನ್ಯವಾಗಿ ಮನೆತನದ ಹೆಸರಿನಿಂದ ಆರಂಭಿಸುತ್ತಾರೆ. ಆ ದಾರಿ ಬಹಳ ದೂರ ಹೋಗುವುದಿಲ್ಲ. ಕೊವಾಲೆಂಕೊ ಎಂದರೆ ಕಮ್ಮಾರನ ಮಗ, ಬೊಂಡರೆಂಕೊ ಎಂದರೆ ಪೀಪಾಯಿ ಮಾಡುವವನ ಮಗ. ಕಮ್ಮಾರನೂ ಪೀಪಾಯಿ ಮಾಡುವವನೂ ಇಲ್ಲದ ಊರು ಇರಲಿಲ್ಲವಾದ್ದರಿಂದ ಈ ಹೆಸರುಗಳು ದೇಶದ ಎಲ್ಲೆಡೆ ಸಿಗುತ್ತವೆ, ಮತ್ತು ಒಂದೇ ಹೆಸರಿನ ಎರಡು ಕುಟುಂಬಗಳಿಗೆ ಯಾವ ರಕ್ತಸಂಬಂಧವೂ ಇರಬೇಕಾಗಿಲ್ಲ. ಹಳೆಯ ದಾಖಲೆಗಳನ್ನು ಬರೆದದ್ದು ಚರ್ಚಿನ ಪಾದ್ರಿ, ಬರೆದದ್ದು ಊರಿನ ಪ್ರಕಾರ. ಪತ್ರಾಗಾರಗಳು ಅವುಗಳನ್ನು ಇಟ್ಟಿರುವುದೂ ಊರು ಮತ್ತು ಚರ್ಚಿನ ಪ್ರಕಾರವೇ. ಆದ್ದರಿಂದ ಊರು ಖಚಿತವಾಗುವವರೆಗೆ ಬೇರೆ ಯಾವ ಕೆಲಸಕ್ಕೂ ಕೈಹಾಕಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಊರನ್ನು ಖಚಿತಪಡಿಸಿಕೊಳ್ಳುವುದು

ಹುಡುಕಾಟ ಮನೆಯೊಳಗಿನಿಂದಲೇ ಶುರುವಾಗಬೇಕು. ಕುಟುಂಬದ ಅತ್ಯಂತ ಹಿರಿಯರ ಜೊತೆ ಕುಳಿತು, ಊರಿನ ಹೆಸರನ್ನು ಅವರ ಬಾಯಲ್ಲಿ ಹೇಗೆ ಬರುತ್ತದೆಯೋ ಹಾಗೆಯೇ ಧ್ವನಿಮುದ್ರಿಸಿಕೊಳ್ಳಿ. ಹತ್ತಿರದ ಪೇಟೆ ಯಾವುದಾಗಿತ್ತು, ನದಿ ಯಾವ ಕಡೆಗಿತ್ತು, ಚರ್ಚು ಯಾವ ಸಂತರ ಹೆಸರಿನಲ್ಲಿತ್ತು, ಪಕ್ಕದ ಊರುಗಳ ಹೆಸರೇನು ಎಂದು ಕೇಳಿ. ಹಳೆಯ ಫೋಟೊಗಳ ಹಿಂಬದಿ, ಪ್ರಾರ್ಥನಾ ಪುಸ್ತಕದ ಮೊದಲ ಪುಟ, ಅಂಚೆ ಮುದ್ರೆಯಿರುವ ಲಕೋಟೆ ಇವೆಲ್ಲ ಬೆಲೆಬಾಳುವ ಸಾಕ್ಷ್ಯಗಳು. ಕುಟುಂಬ ಕೆನಡಾಕ್ಕೋ ಅಮೆರಿಕಕ್ಕೋ ವಲಸೆ ಹೋಗಿದ್ದರೆ ಹಡಗಿನ ಪ್ರಯಾಣಿಕರ ಪಟ್ಟಿ, ಪೌರತ್ವದ ಅರ್ಜಿ, ಅಲ್ಲಿನ ಉಕ್ರೇನಿ ಚರ್ಚಿನ ಮದುವೆ ದಾಖಲೆ ಇವುಗಳನ್ನು ನೋಡಬೇಕು. ಕೆನಡಾದತ್ತ ಉಕ್ರೇನಿಯರ ದೊಡ್ಡ ವಲಸೆಯ ಆರಂಭವನ್ನು ಗುರುತಿಸುವುದು 1891ರಲ್ಲಿ; ಆ ವರ್ಷ ನೆಬಿಲಿವ್ ಎಂಬ ಹಳ್ಳಿಯಿಂದ ಇವಾನ್ ಪಿಲಿಪಿವ್ ಮತ್ತು ವಸಿಲ್ ಎಲೆನ್ಯಾಕ್ ಅಲ್ಲಿಗೆ ಹೋದರು. ಅವರ ಹಿಂದೆ ಹೋದವರಲ್ಲಿ ಹೆಚ್ಚಿನವರ ಕಾಗದಪತ್ರಗಳಲ್ಲಿ ಹುಟ್ಟಿದ ದೇಶ ಆಸ್ಟ್ರಿಯಾ ಅಥವಾ ಗಲೀಷಿಯಾ ಎಂದಿರುತ್ತದೆ. ಇದನ್ನು ಕಂಡು ಕುಟುಂಬ ಆಸ್ಟ್ರಿಯನ್ನರದು ಎಂದು ತೀರ್ಮಾನಿಸಬಾರದು. ಈಗಿನ ಪಶ್ಚಿಮ ಉಕ್ರೇನಿನ ಬಹುಭಾಗ ಆಗ ಗಲೀಷಿಯಾ ಎಂಬ ಪ್ರಾಂತ್ಯವಾಗಿ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು, ಅಷ್ಟೇ.

ಹೆಸರು ಸಿಕ್ಕ ಮಾತ್ರಕ್ಕೆ ಊರು ಸಿಕ್ಕಿತೆಂದಲ್ಲ. ಇವಾನಿವ್ಕಾ ಎಂಬ ಹೆಸರಿನ ಹಳ್ಳಿಗಳು ಉಕ್ರೇನಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಇದರ ಮೇಲೆ ಹೆಸರುಗಳು ಆಳ್ವಿಕೆಯೊಂದಿಗೆ ಬದಲಾಗಿವೆ. ಲ್ವಿವ್ ನಗರವೇ ಜರ್ಮನ್ನಿನಲ್ಲಿ ಲೆಂಬರ್ಗ್, ಪೋಲಿಷ್‌ನಲ್ಲಿ ಲ್ವೂಫ್, ರಷ್ಯನ್ನಿನಲ್ಲಿ ಲ್ವೋವ್. ಈಗಿನ ಖ್ಮೆಲ್ನಿತ್ಸ್ಕಿ 1954ರವರೆಗೆ ಪ್ರೊಸ್ಕುರಿವ್ ಆಗಿತ್ತು, ಇವಾನೊ-ಫ್ರಾಂಕಿವ್‌ಸ್ಕ್ 1962ರವರೆಗೆ ಸ್ತಾನಿಸ್ಲಾವ್ ಆಗಿತ್ತು. ಸೋವಿಯತ್ ನಾಯಕರ ಹೆಸರು ಹೊತ್ತ ನೂರಾರು ಊರುಗಳಿಗೆ 2016ರಲ್ಲಿ ಹೊಸ ಹೆಸರು ಬಂತು. 2020ರಲ್ಲಿ ದೇಶದ 490 ರಯೋನ್‌ಗಳನ್ನು, ಅಂದರೆ ತಾಲ್ಲೂಕಿನಂಥ ಘಟಕಗಳನ್ನು, 136ಕ್ಕೆ ಇಳಿಸಲಾಯಿತು. ಹೀಗಾಗಿ ಹತ್ತು ವರ್ಷ ಹಳೆಯ ನಕ್ಷೆಯೂ ಇಂದಿನ ವಿಳಾಸಕ್ಕೆ ಹೊಂದುವುದಿಲ್ಲ. ಒಂದು ಹಾಳೆಯ ಮೇಲೆ ನಿಮ್ಮ ಊರಿನ ಹೆಸರನ್ನು ಉಕ್ರೇನಿ, ಪೋಲಿಷ್, ರಷ್ಯನ್ ಮತ್ತು ಬೇಕಾದರೆ ಜರ್ಮನ್ ರೂಪಗಳಲ್ಲಿ ಬರೆದು, ಪ್ರತಿ ಕಾಲಘಟ್ಟದಲ್ಲಿ ಅದು ಯಾವ ಜಿಲ್ಲೆಗೆ, ಯಾವ ಚರ್ಚಿಗೆ ಸೇರಿತ್ತು ಎಂದು ಪಕ್ಕದಲ್ಲಿ ಗುರುತಿಸಿಕೊಳ್ಳಿ. ಸಣ್ಣ ಹಳ್ಳಿಗೆ ಸ್ವಂತ ಚರ್ಚು ಇಲ್ಲದಿರಬಹುದು; ಆಗ ಅದರ ಜನನ-ಮರಣಗಳೆಲ್ಲ ಪಕ್ಕದ ಊರಿನ ಚರ್ಚಿನ ಹೆಸರಿನಲ್ಲಿ ಅಡಗಿರುತ್ತವೆ. ಗ್ರೀಕ್ ಕ್ಯಾಥೊಲಿಕ್ (ಪೂರ್ವದ ವಿಧಿಗಳನ್ನು ಪಾಲಿಸುತ್ತ ಪೋಪರನ್ನು ಒಪ್ಪುವ ಪಂಥ) ಧರ್ಮಪ್ರಾಂತ್ಯಗಳು ಹಿಂದೆ ಮುದ್ರಿಸುತ್ತಿದ್ದ ಶೆಮತಿಸ್ಮ್ ಎಂಬ ಕೈಪಿಡಿಗಳಲ್ಲಿ ಯಾವ ಊರು ಯಾವ ಚರ್ಚಿಗೆ ಸೇರಿತ್ತು ಎಂಬ ವಿವರ ಇದೆ.

ಇನ್ನೊಂದು ಗೆರೆಯನ್ನೂ ನಕ್ಷೆಯ ಮೇಲೆ ಎಳೆದುಕೊಳ್ಳಬೇಕು. ಝ್ಬ್ರುಚ್ ಎಂಬ ನದಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಆಸ್ಟ್ರಿಯಾ ಮತ್ತು ರಷ್ಯಾ ಸಾಮ್ರಾಜ್ಯಗಳ ಗಡಿಯಾಗಿತ್ತು. ನದಿಯ ಆಚೆ-ಈಚೆ ಇರುವ ಎರಡು ಹಳ್ಳಿಗಳ ಜನರು ಒಂದೇ ಭಾಷೆ ಆಡುತ್ತಿದ್ದರೂ ಅವರ ದಾಖಲೆಗಳ ಭಾಷೆ, ಲಿಪಿ, ಪಂಚಾಂಗ, ಕೋಷ್ಟಕ ಎಲ್ಲವೂ ಬೇರೆ. ಊರು ಯಾವ ದಡದಲ್ಲಿತ್ತು ಎಂಬುದರ ಮೇಲೆ ಮುಂದಿನ ಕೆಲಸದ ಸ್ವರೂಪವೇ ನಿಂತಿದೆ.

ಗಲೀಷಿಯಾದ ಹಳ್ಳಿ: ಮನೆ ಸಂಖ್ಯೆಯೇ ದಾರದ ಎಳೆ

ಲ್ವಿವ್, ತೆರ್ನೊಪಿಲ್ ಮತ್ತು ಇವಾನೊ-ಫ್ರಾಂಕಿವ್‌ಸ್ಕ್ ಸುತ್ತಲಿನ ಹಳ್ಳಿಗಳವರು ಒಂದು ಅರ್ಥದಲ್ಲಿ ಅದೃಷ್ಟವಂತರು. 1784ರಲ್ಲಿ ಚಕ್ರವರ್ತಿ ಎರಡನೆಯ ಜೋಸೆಫ್ ಹೊರಡಿಸಿದ ಆಜ್ಞೆಯಂತೆ ಅಲ್ಲಿನ ಪಾದ್ರಿಗಳು ಜನನ, ಮದುವೆ ಮತ್ತು ಮರಣಗಳನ್ನು ನಿಗದಿತ ಕೋಷ್ಟಕದಲ್ಲಿ, ಹಳ್ಳಿಗೊಂದು ಪುಸ್ತಕದಂತೆ, ಮನೆ ಸಂಖ್ಯೆಯ ಸಮೇತ ಲ್ಯಾಟಿನ್ನಿನಲ್ಲಿ ಬರೆಯತೊಡಗಿದರು. ಇವೇ ಮೆತ್ರಿಕಾ ಪುಸ್ತಕಗಳು. ಒಂದು ಪ್ರತಿ ಚರ್ಚಿನಲ್ಲಿ ಉಳಿಯುತ್ತಿತ್ತು, ನಕಲು ಪ್ರತಿ ಧರ್ಮಪ್ರಾಂತ್ಯದ ಕಚೇರಿಗೆ ಹೋಗುತ್ತಿತ್ತು. ಲ್ವಿವ್ ಧರ್ಮಪ್ರಾಂತ್ಯಕ್ಕೆ ಬಂದ ಇಂಥ ನಕಲುಗಳು ಇಂದು ಲ್ವಿವ್‌ನ ಕೇಂದ್ರ ರಾಜ್ಯ ಐತಿಹಾಸಿಕ ಪತ್ರಾಗಾರದ 201ನೇ ಸಂಗ್ರಹದಲ್ಲಿವೆ. ಚರ್ಚಿನ ಮೂಲ ಪುಸ್ತಕಗಳು ಬಹುಪಾಲು ಆಯಾ ಪ್ರಾಂತ್ಯದ ರಾಜ್ಯ ಪತ್ರಾಗಾರಗಳಿಗೆ ಸೇರಿವೆ. ಒಂದರಲ್ಲಿ ಪುಟ ಹರಿದಿದ್ದರೆ ಅಥವಾ ಕೆಲವು ವರ್ಷಗಳು ಇಲ್ಲದಿದ್ದರೆ ಇನ್ನೊಂದನ್ನು ಹುಡುಕದೆ ಕೈಬಿಡಬಾರದು.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. 1860ರ ದಶಕದ ಒಂದು ಜನನ ಪುಸ್ತಕ ನಿಮ್ಮೆದುರು ತೆರೆದಿದೆ ಎಂದಿಟ್ಟುಕೊಳ್ಳಿ. ಎಡತುದಿಯಲ್ಲಿ ಹುಟ್ಟಿದ ದಿನ ಮತ್ತು ದೀಕ್ಷಾಸ್ನಾನದ ದಿನ, ನಂತರ ಮನೆ ಸಂಖ್ಯೆ 34. ಮುಂದಿನ ಅಂಕಣದಲ್ಲಿ ಮಗುವಿನ ಹೆಸರು ಬಾಸಿಲಿಯುಸ್. ಮನೆಯಲ್ಲಿ ಆ ಮಗುವನ್ನು ವಸಿಲ್ ಎಂದು ಕರೆಯುತ್ತಿದ್ದರು. ಬಳಿಕ ಧರ್ಮ, ಲಿಂಗ, ವಿವಾಹದೊಳಗಿನ ಸಂತಾನವೇ ಅಲ್ಲವೇ ಎಂಬುದಕ್ಕೆ ಒಂದೊಂದು ಗೆರೆ. ತಂದೆಯ ಅಂಕಣದಲ್ಲಿ ಜೊಆನ್ನೆಸ್, ಅಂದರೆ ಇವಾನ್, ಜೊತೆಗೆ ಅಗ್ರಿಕೊಲಾ, ಅಂದರೆ ರೈತ. ತಾಯಿಯ ಅಂಕಣದಲ್ಲಿ ಅನ್ನಾ, ಫಿಲಿಯಾ ಥಿಯೊದೊರಿ ಎತ್ ಮಾರಿಯೆ, ಅಂದರೆ ಫೆದಿರ್ ಮತ್ತು ಮಾರಿಯಾ ದಂಪತಿಯ ಮಗಳು. ಕೊನೆಯಲ್ಲಿ ಧರ್ಮಪಿತ ಮತ್ತು ಧರ್ಮಮಾತೆಯ ಹೆಸರುಗಳು, ಕೆಲವೊಮ್ಮೆ ಸೂಲಗಿತ್ತಿಯ ಹೆಸರು. ಅಂಗೈ ಅಗಲದ ಒಂದು ಸಾಲಿನಲ್ಲಿ ಮೂರು ತಲೆಮಾರುಗಳು ನಿಂತಿವೆ.

ಇಂಥ ಸಾಲು ಸಿಕ್ಕಾಗ ಹೆಸರನ್ನಷ್ಟೇ ಬರೆದುಕೊಂಡು ಮುಂದೆ ಓಡುವ ಆತುರ ಬಹಳ ಜನರಿಗೆ ಇರುತ್ತದೆ. ಅದನ್ನು ತಡೆದುಕೊಳ್ಳಿ. ಅದೇ ಪುಸ್ತಕದಲ್ಲಿ 34ನೇ ಮನೆಯಲ್ಲಿ ನಡೆದ ಪ್ರತಿಯೊಂದು ಜನನ, ಮದುವೆ, ಮರಣವನ್ನೂ, ಮನೆತನದ ಹೆಸರು ಯಾವುದೇ ಇರಲಿ, ಕ್ರಮವಾಗಿ ಬರೆದಿಟ್ಟುಕೊಳ್ಳಿ. ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನ ಮೂವರು ಇವಾನರು ಒಂದೇ ಕಾಲದಲ್ಲಿ ಬದುಕಿರುವುದು ಸಾಮಾನ್ಯ. ಅವರನ್ನು ಬೇರ್ಪಡಿಸಿ ತೋರಿಸುವುದು ಮನೆ ಸಂಖ್ಯೆ. ಮಗಳನ್ನು ಮದುವೆಯಾಗಿ ಅತ್ತೆಮನೆಯಲ್ಲೇ ನೆಲೆಸಿದ ಅಳಿಯ, ಗಂಡ ಸತ್ತ ಮೇಲೆ ಮರುಮದುವೆಯಾದ ವಿಧವೆ, ಅನಾಥರಾಗಿ ಬಂದ ತಂಗಿಯ ಮಕ್ಕಳು ಇವರೆಲ್ಲ ಮನೆಯ ಪಟ್ಟಿಯಲ್ಲಿ ತಾವಾಗಿಯೇ ಕಾಣಿಸಿಕೊಳ್ಳುತ್ತಾರೆ. ಧರ್ಮಪಿತ-ಧರ್ಮಮಾತೆಯರ ಹೆಸರುಗಳನ್ನೂ ಬಿಡಬೇಡಿ, ಏಕೆಂದರೆ ಅವರು ಬಹಳ ಸಲ ತಾಯಿಯ ಅಣ್ಣನೋ, ಪಕ್ಕದ ಮನೆಯವರೋ ಆಗಿರುತ್ತಾರೆ. ಒಂದು ಎಚ್ಚರಿಕೆ: ಊರು ಬೆಳೆದಂತೆ ಮನೆಗಳಿಗೆ ಹೊಸ ಸಂಖ್ಯೆ ಕೊಟ್ಟಿರುವುದುಂಟು. ಇದ್ದಕ್ಕಿದ್ದಂತೆ ಎಲ್ಲ ಕುಟುಂಬಗಳೂ ಮನೆ ಬದಲಿಸಿದಂತೆ ಕಂಡರೆ ಬದಲಾಗಿದ್ದು ಸಂಖ್ಯೆ ಎಂದು ತಿಳಿಯಬೇಕು.

ಮರಣ ಪುಸ್ತಕವನ್ನು ಓದಲು ಮನಸ್ಸು ಹಿಂಜರಿಯುತ್ತದೆ, ಆದರೂ ಓದಲೇಬೇಕು. ಶಿಶುಗಳ ಸಾವು ಆಗ ಹೆಚ್ಚಾಗಿತ್ತು. ತೀರಿಕೊಂಡ ಮಗುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವ ರೂಢಿಯೂ ಇತ್ತು. ಮೊದಲ ವಸಿಲ್ ಎರಡು ವರ್ಷಕ್ಕೇ ಸತ್ತಿರುವುದನ್ನು ಗಮನಿಸದಿದ್ದರೆ ನೀವು ಬದುಕಿ ಬಾಳಿದ ಎರಡನೆಯವನಿಗೆ ತಪ್ಪು ಜನ್ಮದಿನ ಕೊಡುತ್ತೀರಿ. 1831ರ ಕಾಲರಾ ಬಂದ ಹಳ್ಳಿಯ ಪುಸ್ತಕದಲ್ಲಿ ಒಂದೇ ಮನೆಯ ಸಂಖ್ಯೆ ಒಂದೇ ವಾರದಲ್ಲಿ ಮತ್ತೆ ಮತ್ತೆ ಬರುವುದನ್ನು ಕಾಣಬಹುದು.

ಮದುವೆಗಳನ್ನು ಹುಡುಕುವಾಗ ವರ್ಷದ ಎಲ್ಲ ತಿಂಗಳುಗಳನ್ನೂ ಸಮಾನವಾಗಿ ಜಾಲಾಡಬೇಕಾಗಿಲ್ಲ. ಉಪವಾಸದ ಕಾಲಗಳಲ್ಲಿ ಮದುವೆ ನಡೆಯುತ್ತಿರಲಿಲ್ಲ, ಸುಗ್ಗಿಯ ಕಾಲದಲ್ಲಿ ಯಾರಿಗೂ ಬಿಡುವಿರಲಿಲ್ಲ. ಹೀಗಾಗಿ ಕ್ರಿಸ್ಮಸ್ ಮುಗಿದ ಮೇಲಿನ ಜನವರಿ-ಫೆಬ್ರುವರಿ ಮತ್ತು ಸುಗ್ಗಿಯ ನಂತರದ ಅಕ್ಟೋಬರ್-ನವೆಂಬರ್ ಪುಟಗಳನ್ನು ಮೊದಲು ತಿರುವಿ ಹಾಕಿದರೆ ಹೆಚ್ಚಿನ ಮದುವೆಗಳು ಅಲ್ಲೇ ಸಿಗುತ್ತವೆ.

ಮೆತ್ರಿಕಾ ಪುಸ್ತಕಗಳು ಮುಗಿದಲ್ಲಿ ಭೂಮಿಯ ದಾಖಲೆಗಳು ಆರಂಭವಾಗುತ್ತವೆ. 1785ರಿಂದ 1788ರವರೆಗೆ ನಡೆದ ಜೋಸೆಫಿನ್ ಭೂಮಾಪನ ಮತ್ತು 1819-20ರ ಚಕ್ರವರ್ತಿ ಫ್ರಾನ್ಸಿಸ್ ಕಾಲದ ಭೂಮಾಪನಗಳು ಲ್ವಿವ್‌ನ ಅದೇ ಪತ್ರಾಗಾರದ 19 ಮತ್ತು 20ನೇ ಸಂಗ್ರಹಗಳಲ್ಲಿವೆ. ಹೊಲದ ಹೆಸರು, ಉಳುವವನ ಹೆಸರು, ಮನೆ ಸಂಖ್ಯೆ ಒಟ್ಟಿಗೆ ಸಿಗುವುದರಿಂದ ಪೂರ್ವಜರು ಯಾವ ತುಂಡು ಭೂಮಿಯ ಮೇಲೆ ಬೆವರು ಸುರಿಸಿದರು ಎಂದು ತಿಳಿಯುತ್ತದೆ. ವಂಶಾವಳಿಯ ಕೆಲಸದಲ್ಲಿ ಇಷ್ಟು ತೃಪ್ತಿ ಕೊಡುವ ಇನ್ನೊಂದು ದಾಖಲೆಯನ್ನು ನಾನು ಕಾಣೆ.

ಗಲೀಷಿಯಾದ ರೋಮನ್ ಕ್ಯಾಥೊಲಿಕ್ ಮತ್ತು ಯಹೂದಿ ಕುಟುಂಬಗಳ ಪುಸ್ತಕಗಳು ಬೇರೆಯೇ ಇದ್ದವು. ಅವುಗಳ ದೊಡ್ಡ ಭಾಗ ಈಗ ವಾರ್ಸಾದ ಮುಖ್ಯ ಐತಿಹಾಸಿಕ ಪತ್ರಾಗಾರದಲ್ಲಿದೆ. ತಂದೆ ಗ್ರೀಕ್ ಕ್ಯಾಥೊಲಿಕ್, ತಾಯಿ ರೋಮನ್ ಕ್ಯಾಥೊಲಿಕ್ ಆಗಿದ್ದ ಮನೆಗಳಲ್ಲಿ ಗಂಡುಮಕ್ಕಳು ತಂದೆಯ ಪಂಥವನ್ನು, ಹೆಣ್ಣುಮಕ್ಕಳು ತಾಯಿಯ ಪಂಥವನ್ನು ಅನುಸರಿಸುತ್ತಿದ್ದರು. ಅಣ್ಣ ಒಂದು ಪುಸ್ತಕದಲ್ಲಿ, ತಂಗಿ ಇನ್ನೊಂದರಲ್ಲಿ ಇದ್ದಾರೆಂದರೆ ಅದಕ್ಕೆ ಇದೇ ಕಾರಣ. ಯಹೂದಿ ದಂಪತಿಗಳು ಧಾರ್ಮಿಕ ವಿಧಿಯಂತೆ ಮದುವೆಯಾಗಿ ಸರ್ಕಾರದಲ್ಲಿ ನೋಂದಾಯಿಸದಿದ್ದರೆ ಮಕ್ಕಳನ್ನು ತಾಯಿಯ ಮನೆತನದ ಹೆಸರಿನಲ್ಲಿ ಬರೆಯಲಾಗುತ್ತಿತ್ತು. ಆದ್ದರಿಂದ ತಂದೆಯ ಮತ್ತು ತಾಯಿಯ ಎರಡೂ ಮನೆತನದ ಹೆಸರುಗಳಲ್ಲಿ ಹುಡುಕಬೇಕು.

ರಷ್ಯಾ ಸಾಮ್ರಾಜ್ಯದಲ್ಲಿದ್ದ ಹಳ್ಳಿ

ಕೀವ್, ಪೊಲ್ಟಾವಾ, ಚೆರ್ನಿಹಿವ್, ವೊಲಿನ್, ಪೊಡಿಲ್ಯಾ ಕಡೆಯ ಹಳ್ಳಿಗಳಲ್ಲಿ ಆರ್ಥೊಡಾಕ್ಸ್ ಪಾದ್ರಿಗಳು ರಷ್ಯನ್ ಭಾಷೆಯಲ್ಲಿ ಬರೆದರು. ಇಲ್ಲಿ ಮನೆ ಸಂಖ್ಯೆ ಇಲ್ಲ, ತಾಯಿಯ ತವರಿನ ಹೆಸರೂ ಜನನ ದಾಖಲೆಯಲ್ಲಿ ಇರುವುದಿಲ್ಲ. ತಾಯಿಯ ಹೆಸರು ಮತ್ತು ಆಕೆಯ ತಂದೆಯ ಹೆಸರು ಮಾತ್ರ ಸಿಗುತ್ತದೆ. ತವರು ತಿಳಿಯಬೇಕಾದರೆ ಮದುವೆ ದಾಖಲೆಯನ್ನು ಹುಡುಕಿಯೇ ತೀರಬೇಕು. ಮನೆ ಸಂಖ್ಯೆಯ ಕೊರತೆಯನ್ನು ತುಂಬುವುದು ಪಾಪನಿವೇದನೆಯ ಪಟ್ಟಿಗಳು. ಈಸ್ಟರ್‌ಗೆ ಮುನ್ನ ಯಾರು ಪಾಪನಿವೇದನೆ ಮಾಡಿದರು ಎಂದು ತೋರಿಸಲು ಪಾದ್ರಿ ವರ್ಷವರ್ಷವೂ ಮನೆಮನೆಯ ಸದಸ್ಯರನ್ನು ವಯಸ್ಸಿನ ಸಮೇತ ಬರೆಯುತ್ತಿದ್ದ. ಉಳಿದಿರುವ ಕಡೆ ಇವು ಜನಗಣತಿಗಿಂತ ಹೆಚ್ಚು ಉಪಯುಕ್ತ. ಕೀವ್ ಧರ್ಮಪ್ರಾಂತ್ಯದ ಇಂಥ ಪಟ್ಟಿಗಳೂ ಮೆತ್ರಿಕಾಗಳೂ ಕೀವ್‌ನ ಕೇಂದ್ರ ರಾಜ್ಯ ಐತಿಹಾಸಿಕ ಪತ್ರಾಗಾರದ 127ನೇ ಸಂಗ್ರಹದಲ್ಲಿವೆ.

ತೆರಿಗೆಗಾಗಿ ನಡೆಸಿದ ರೆವಿಜಿಯಾ ಗಣತಿಗಳು ಸಾಮ್ರಾಜ್ಯದಲ್ಲಿ ಒಟ್ಟು 10. ಮೊದಲನೆಯದು 1719ರಲ್ಲಿ ಶುರುವಾಯಿತು, ಕೊನೆಯದು 1850ರ ದಶಕದ ಕೊನೆಯಲ್ಲಿ ನಡೆಯಿತು. ಇವುಗಳಲ್ಲಿ ಹಿಂದಿನ ಗಣತಿಯ ವಯಸ್ಸು ಮತ್ತು ಈಗಿನ ವಯಸ್ಸು ಅಕ್ಕಪಕ್ಕದಲ್ಲಿರುತ್ತವೆ, ನಡುವೆ ಸತ್ತವರು ಯಾವ ವರ್ಷ ಸತ್ತರು ಎಂದೂ ಇರುತ್ತದೆ. 1811ರ ಗಣತಿಯಲ್ಲಿ ಹೆಂಗಸರ ಹೆಸರಿಲ್ಲ. 1861ರವರೆಗೆ ಜೀತದಲ್ಲಿದ್ದ ರೈತರನ್ನು ಭೂಮಾಲೀಕನ ಹೆಸರಿನಡಿ ಪಟ್ಟಿ ಮಾಡಿರುವುದರಿಂದ ಊರು ಯಾರ ಒಡೆತನದಲ್ಲಿತ್ತು ಎಂದು ತಿಳಿದುಕೊಂಡಿರಬೇಕು. ಪೂರ್ವಜರು ನೀಪರ್ ನದಿಯ ಎಡದಂಡೆಯ ಕೊಸಾಕರಾಗಿದ್ದರೆ, ಅಂದರೆ ಯೋಧ ಸಮುದಾಯದವರಾಗಿದ್ದರೆ, 1765-69ರ ರುಮ್ಯಾಂತ್ಸೆವ್ ಗಣತಿಯಲ್ಲಿ ಅವರ ಮನೆ, ಹೊಲ, ದನಕರುಗಳ ಲೆಕ್ಕವೂ ಸಿಗಬಹುದು.

ಈ ಭಾಗದ ತಾರೀಖುಗಳೆಲ್ಲ 1918ರವರೆಗೆ ಹಳೆಯ ಜೂಲಿಯನ್ ಪಂಚಾಂಗದವು. 19ನೇ ಶತಮಾನದಲ್ಲಿ 12 ದಿನ, 20ನೇ ಶತಮಾನದಲ್ಲಿ 13 ದಿನ ಸೇರಿಸಿದರೆ ಇಂದಿನ ತಾರೀಖು ಬರುತ್ತದೆ. ಪುಸ್ತಕದಲ್ಲಿದ್ದ ತಾರೀಖನ್ನು ಇದ್ದಂತೆಯೇ ಬರೆದು, ಪರಿವರ್ತಿಸಿದ್ದನ್ನು ಪಕ್ಕದಲ್ಲಿ ಬರೆಯಿರಿ.

ಬುಕೊವಿನಾ ಆಸ್ಟ್ರಿಯಾದಿಂದ ರೊಮೇನಿಯಾಕ್ಕೆ, ಝಕರ್‌ಪಾತ್ಯಾ ಹಂಗೇರಿಯಿಂದ ಜೆಕೊಸ್ಲೊವಾಕಿಯಾಕ್ಕೆ ಹೋಗಿ ನಂತರ ಸೋವಿಯತ್ ಉಕ್ರೇನಿಗೆ ಸೇರಿದ ಪ್ರದೇಶಗಳು. ಝಕರ್‌ಪಾತ್ಯಾದಲ್ಲಿ 1895ರಿಂದ ಹಂಗೇರಿ ಸರ್ಕಾರದ ನಾಗರಿಕ ನೋಂದಣಿಯೂ ಇದೆ.

ಸೋವಿಯತ್ ಕಾಲದ ಕಾಗದಪತ್ರಗಳು

ಜನನ, ಮದುವೆ, ಮರಣದ ನಾಗರಿಕ ದಾಖಲೆಗಳು 75 ವರ್ಷ ನೋಂದಣಿ ಕಚೇರಿಯಲ್ಲಿದ್ದು, ಬಳಿಕ ರಾಜ್ಯ ಪತ್ರಾಗಾರಕ್ಕೆ ಹೋಗುತ್ತವೆ. ಇತ್ತೀಚಿನ ದಾಖಲೆ ಬೇಕಾದರೆ ಬಂಧುತ್ವವನ್ನು ಕಾಗದದ ಮೂಲಕ ತೋರಿಸಬೇಕು. ಸಾಮೂಹಿಕ ಬೇಸಾಯದ ರೈತರಿಗೆ 1970ರ ದಶಕದವರೆಗೆ ಸಾಮಾನ್ಯವಾಗಿ ಪಾಸ್‌ಪೋರ್ಟ್ ಕೊಡುತ್ತಿರಲಿಲ್ಲ, ಆದ್ದರಿಂದ ಹಳ್ಳಿಯವರ ಗುರುತಿನ ಕಾಗದ ಮನೆಯಲ್ಲಿ ಸಿಗದಿದ್ದರೆ ಆಶ್ಚರ್ಯವಿಲ್ಲ. ಅದರ ಬದಲು ಗ್ರಾಮ ಮಂಡಳಿಯ ಪೊಹೊಸ್ಪೊದಾರ್ಸ್ಕಿ ಪುಸ್ತಕಗಳನ್ನು, ಅಂದರೆ ಮನೆವಾರು ಪುಸ್ತಕಗಳನ್ನು ಕೇಳಿ. ಮನೆಯಲ್ಲಿ ಯಾರಿದ್ದರು, ಯಾವ ವರ್ಷ ಹುಟ್ಟಿದರು, ಎಷ್ಟು ಹಸುಗಳಿದ್ದವು, ಯಾರು ಯಾವಾಗ ಊರು ಬಿಟ್ಟರು ಎಂಬುದೆಲ್ಲ ಅವುಗಳಲ್ಲಿರುತ್ತದೆ.

1932-33ರ ಹೊಲೊದೊಮೊರ್ ಕ್ಷಾಮ ಸೋವಿಯತ್ ಉಕ್ರೇನಿನ ಹಳ್ಳಿಗಳ ವಂಶಾವಳಿಗಳಲ್ಲಿ ದೊಡ್ಡ ತೂತನ್ನೇ ಕೊರೆದಿದೆ. ಎಷ್ಟೋ ಸಾವುಗಳು ನೋಂದಣಿಯೇ ಆಗಲಿಲ್ಲ. 2008ರಲ್ಲಿ ಪ್ರಾಂತ್ಯವಾರು ಪ್ರಕಟವಾದ ರಾಷ್ಟ್ರೀಯ ಸ್ಮರಣ ಗ್ರಂಥದಲ್ಲಿ ಹಳ್ಳಿಹಳ್ಳಿಯ ಮೃತರ ಹೆಸರುಗಳಿವೆ. ಅವನ್ನು ಉಳಿದಿರುವ ಮರಣ ಪುಸ್ತಕಗಳ ಜೊತೆಗಿಟ್ಟು ಓದಿ. ಹಿರಿಯರನ್ನು ಈ ವರ್ಷಗಳ ಬಗ್ಗೆ ಕೇಳುವಾಗ ಅವಸರ ಮಾಡಬೇಡಿ, ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಸೋವಿಯತ್ ಗುಪ್ತ ಪೊಲೀಸರಿಂದ ಬಂಧನಕ್ಕೊಳಗಾದ ಅಥವಾ ಗುಂಡಿಗೆ ಬಲಿಯಾದ ಪೂರ್ವಜರ ವಿಚಾರಣಾ ಕಡತಗಳು 2015ರ ಕಾನೂನಿನಿಂದಾಗಿ ಈಗ ಸಾರ್ವಜನಿಕರಿಗೆ ತೆರೆದಿವೆ. ಬಂಧಿತನ ಕುಟುಂಬದ ಸದಸ್ಯರು, ಆಸ್ತಿ, ಹುಟ್ಟಿದ ಊರು ಎಲ್ಲವೂ ಅಲ್ಲಿರುತ್ತವೆ, ಆದರೆ ತಪ್ಪೊಪ್ಪಿಗೆಗಳನ್ನು ಬಲವಂತದಿಂದ ಬರೆಸಿರುತ್ತಿದ್ದರು ಎಂಬುದನ್ನು ನೆನಪಿನಲ್ಲಿಟ್ಟು ಓದಬೇಕು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ದುಡಿಯಲು ಒಯ್ಯಲ್ಪಟ್ಟವರ ಬಗ್ಗೆ ಜರ್ಮನಿಯ ಆರೊಲ್ಸೆನ್ ಪತ್ರಾಗಾರವನ್ನು ಕೇಳಬಹುದು.

ಪತ್ರಾಗಾರದ ಜೊತೆ ವ್ಯವಹರಿಸುವುದು

ಉಕ್ರೇನಿನ ಪತ್ರಾಗಾರಗಳಲ್ಲಿ ಪ್ರತಿ ಕಡತಕ್ಕೂ ಮೂರು ಸಂಖ್ಯೆಗಳ ವಿಳಾಸವಿದೆ: ಫೋಂದ್ ಎಂದರೆ ಸಂಗ್ರಹ, ಓಪಿಸ್ ಎಂದರೆ ಅದರೊಳಗಿನ ಪಟ್ಟಿ, ಸ್ಪ್ರಾವಾ ಎಂದರೆ ಕಡತ. ಕಂಡ ಪ್ರತಿಯೊಂದು ಸಾಲಿಗೂ ಈ ಮೂರರ ಜೊತೆ ಪುಟಸಂಖ್ಯೆಯನ್ನು ಬರೆದಿಡದಿದ್ದರೆ ಮುಂದಿನ ವರ್ಷ ಅದನ್ನೇ ಮತ್ತೆ ಹುಡುಕಬೇಕಾಗುತ್ತದೆ. ಬಹಳಷ್ಟು ಪುಸ್ತಕಗಳ ಸ್ಕ್ಯಾನ್‌ಗಳು ಫ್ಯಾಮಿಲಿಸರ್ಚ್ ತಾಣದಲ್ಲಿ, ಉಕ್ರೇನಿ ವಿಕಿಸೋರ್ಸ್‌ನಲ್ಲಿ ಮತ್ತು ಹಲವು ಪತ್ರಾಗಾರಗಳ ಸ್ವಂತ ತಾಣಗಳಲ್ಲಿ ಉಚಿತವಾಗಿ ಸಿಗುತ್ತವೆ. ಹೆಸರಿನ ಸೂಚಿಯಲ್ಲಿ ಸಿಗಲಿಲ್ಲ ಎಂದಾಕ್ಷಣ ಇಲ್ಲವೆಂದು ತಿಳಿಯದೆ ಪುಸ್ತಕವನ್ನೇ ಸಾಲುಸಾಲಾಗಿ ಓದಿ. ಸೂಚಿ ಮಾಡಿದವರೂ ಕೈಬರಹವನ್ನು ತಪ್ಪಾಗಿ ಓದಿರಬಹುದು.

ಪತ್ರಾಗಾರಕ್ಕೆ ಬರೆಯುವುದಾದರೆ ಪತ್ರ ಉಕ್ರೇನಿ ಭಾಷೆಯಲ್ಲಿ, ಚಿಕ್ಕದಾಗಿ ಇರಲಿ. ಊರು, ಚರ್ಚು, ಹಳೆಯ ಜಿಲ್ಲೆ, ಹುಡುಕಬೇಕಾದ ವರ್ಷಗಳು, ವ್ಯಕ್ತಿಯ ಪೂರ್ಣ ಹೆಸರು ಇಷ್ಟು ಸಾಕು. ಕುಟುಂಬದ ಕಥೆಯೆಲ್ಲ ಬೇಡ. ಸಿಬ್ಬಂದಿ ನಡೆಸುವ ಹುಡುಕಾಟಕ್ಕೆ ಶುಲ್ಕವಿದೆ. 2022ರ ನಂತರ ಯುದ್ಧದ ಕಾರಣದಿಂದ ಓದುವ ಕೊಠಡಿಗಳ ವೇಳೆ ಆಗಾಗ ಬದಲಾಗುತ್ತಿರುವುದರಿಂದ ಮೊದಲೇ ವಿಚಾರಿಸಬೇಕು, ಉತ್ತರ ತಡವಾದರೆ ತಾಳ್ಮೆಯಿಂದ ಕಾಯಬೇಕು. ಕೆಲವು ನಷ್ಟಗಳು ಮರಳಿ ತುಂಬಲಾಗದವು: 2003ರಲ್ಲಿ ಕಾಮ್ಯಾನೆತ್ಸ್-ಪೊಡಿಲ್ಸ್ಕಿಯ ಪತ್ರಾಗಾರಕ್ಕೆ ಬೆಂಕಿ ಬಿದ್ದು ಪೊಡಿಲ್ಯಾದ ಅಸಂಖ್ಯ ಕಡತಗಳು ಹಾಳಾದವು, 2022ರ ನವೆಂಬರ್‌ನಲ್ಲಿ ಖೆರ್ಸಾನ್‌ನಿಂದ ಹಿಂದೆ ಸರಿಯುವ ಮುನ್ನ ರಷ್ಯಾ ಸೇನೆ ಅಲ್ಲಿನ ರಾಜ್ಯ ಪತ್ರಾಗಾರದ ಕಡತಗಳನ್ನು ಹೊತ್ತೊಯ್ದಿತು.

ಊರಿಗೆ ಹೋದಾಗ

ಸುರಕ್ಷಿತ ಕಾಲ ಬಂದಾಗ ಊರಿಗೆ ಹೋಗುವುದಾದರೆ ಈಸ್ಟರ್ ನಂತರದ ಪ್ರೊವೊದಿ ದಿನಗಳನ್ನು ಆರಿಸಿಕೊಳ್ಳಿ. ಆಗ ನಗರ ಸೇರಿದ ಮಕ್ಕಳು-ಮೊಮ್ಮಕ್ಕಳೆಲ್ಲ ಊರಿಗೆ ಮರಳಿ, ಸ್ಮಶಾನದಲ್ಲಿ ತಮ್ಮವರ ಸಮಾಧಿಗಳ ಬಳಿ ಸೇರಿ ಊಟ ಹಂಚಿಕೊಳ್ಳುತ್ತಾರೆ. ಒಂದೇ ದಿನದಲ್ಲಿ ಊರಿನ ಎಲ್ಲ ಮನೆತನಗಳನ್ನೂ ಅವರವರ ಹಿರಿಯರ ಪಕ್ಕದಲ್ಲೇ ಕಾಣಬಹುದು. ಮೊದಲು ಊರಿನ ಸ್ತಾರೊಸ್ತಾ ಎಂಬ ಮುಖ್ಯಸ್ಥರನ್ನು, ನಂತರ ಪಾದ್ರಿಯನ್ನು ಭೇಟಿಯಾಗಿ ಬಂದ ಉದ್ದೇಶವನ್ನು ನೇರವಾಗಿ ಹೇಳಿ. ಜಮೀನು ಕೇಳಲು ಬಂದಿದ್ದಾರೆ ಎಂಬ ಸಂಶಯ ಹುಟ್ಟುವುದು ಸಹಜ. ನಿಮ್ಮ ಬಳಿಯಿರುವ ಹಳೆಯ ಫೋಟೊಗಳನ್ನು ತೋರಿಸಿದರೆ ಅದು ಕರಗುತ್ತದೆ. ಅಜ್ಜಿಯರನ್ನು ಕೇಳುವಾಗ ದಾಖಲೆಯಲ್ಲಿರುವ ಮನೆತನದ ಹೆಸರಿನ ಜೊತೆಗೆ ಬೀದಿ ಹೆಸರನ್ನೂ ಕೇಳಿ. ಒಂದೇ ಮನೆತನದ ಹೆಸರಿನ ಹಲವು ಕುಟುಂಬಗಳಿರುವ ಊರಿನಲ್ಲಿ ಜನ ಪ್ರತಿ ಕುಟುಂಬಕ್ಕೂ ಇಟ್ಟ ಅಡ್ಡಹೆಸರು ಅದು. ಎಷ್ಟೋ ಸಲ ಮನೆತನದ ಹೆಸರು ಹೇಳಿದಾಗ ತಲೆಯಾಡಿಸಿ ಇಲ್ಲವೆಂದವರು ಬೀದಿ ಹೆಸರು ಕೇಳಿದೊಡನೆ ಕೈಹಿಡಿದು ಆ ಮನೆಯ ಬಾಗಿಲಿಗೆ ಕರೆದೊಯ್ಯುತ್ತಾರೆ.

ಸ್ಮಶಾನದ ಹಳೆಯ ಮರಳುಗಲ್ಲಿನ ಶಿಲುಬೆಗಳ ಮೇಲಿನ ಅಕ್ಷರಗಳು ನಡುಹಗಲಿನ ಬಿಸಿಲಿನಲ್ಲಿ ಕಾಣುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕಿನಲ್ಲಿ, ಕಲ್ಲನ್ನು ಉಜ್ಜದೆ, ಸೀಮೆಸುಣ್ಣ ಬಳಿಯದೆ ಫೋಟೊ ತೆಗೆಯಿರಿ. ಪಕ್ಕದ ನಾಲ್ಕು ಸಮಾಧಿಗಳನ್ನೂ ಅದೇ ಸಾಲಿನಲ್ಲಿ ಸೇರಿಸಿಕೊಳ್ಳಿ, ಏಕೆಂದರೆ ಪುಸ್ತಕದಲ್ಲಿ 34ನೇ ಮನೆಯಲ್ಲಿ ಒಟ್ಟಿಗಿದ್ದವರು ಇಲ್ಲಿಯೂ ಬಹುತೇಕ ಒಟ್ಟಿಗೇ ಮಲಗಿರುತ್ತಾರೆ.